ಮಲ್ಹಾರಗಡ: ಗದ್ದಲವಿಲ್ಲದ ಅರ್ಧ ದಿನದ ಚಾರಣ

ಪುಣೆಯ ಕನ್ನಡಿಗರ ಬಳಗಗಳಲ್ಲಿ ಚಾರಣ ಎಂದರೆ ಸಿಂಹಗಡ, ಇಲ್ಲವೇ ಲೋಹಗಡ. ಭಾನುವಾರ ಎರಡರಲ್ಲೂ ನೂಕುನುಗ್ಗಲು. ಪುಣೆ–ಸಾಸವಡ ರಸ್ತೆಯ ದಿವೇ ಘಾಟ್ ಹತ್ತಿರದ ಮಲ್ಹಾರಗಡಕ್ಕೆ ಅಷ್ಟು ಜನ ಬರುವುದಿಲ್ಲ. ಮಕ್ಕಳನ್ನು, ಹಿರಿಯರನ್ನು ಕರೆದುಕೊಂಡು ಹೋಗಲು ನಾವು ಮೊದಲು ಹೇಳುವ ಗುಡ್ಡ ಇದೇ.

ಪೇಶ್ವೆಯರ ತೋಪಖಾನೆ (ಫಿರಂಗಿ ದಳ) ನೋಡಿಕೊಳ್ಳುತ್ತಿದ್ದ ಪಾನ್ಸೆ ಮನೆತನದವರು 1757ರಿಂದ 1760ರ ನಡುವೆ, ಘಾಟಿನ ಮೇಲೆ ಕಣ್ಣಿಡಲು ಕಟ್ಟಿಸಿದ ಕೋಟೆಯಿದು. ಮರಾಠರು ಕಟ್ಟಿದ ಕೊನೆಯ ಗಿರಿದುರ್ಗವೆಂದು ಹೆಸರಾಗಿದೆ.

ಹಡಪ್ಸರ್ ದಾಟಿ ದಿವೇ ಘಾಟ್ ಹತ್ತಿದರೆ ಎರಡು ದಾರಿ. ಝೆಂಡೇವಾಡಿ ಕಡೆಯಿಂದ ಹೋದರೆ ಕೋಟೆಯ ಚೋರ ದರವಾಜೆ (ಕಳ್ಳಬಾಗಿಲು) ಸೇರುತ್ತೀರಿ. ಸಾಸವಡಕ್ಕೆ ಹೋಗಿ ಸೋನೋರಿಗೆ ತಿರುಗಿದರೆ ಮಹಾದ್ವಾರ. ದೂರವಾದರೂ ಸೋನೋರಿಯೇ ವಾಸಿ: ಊರಲ್ಲಿ ಪಾನ್ಸೆಯವರ ಗಢಿ (ಕೋಟೆಯಂಥ ಮನೆ) ನೋಡಬಹುದು, ಕೋಟೆಯನ್ನೂ ಅದರ ಮುಖದಿಂದಲೇ ಹೊಕ್ಕಂತಾಗುತ್ತದೆ. ಬಸ್ಸಿನವರು ಸಾಸವಡದಲ್ಲಿ ಇಳಿದು ರಿಕ್ಷಾ ಹಿಡಿಯಬೇಕು. ವಾಪಸಿಗೂ ಅದೇ ರಿಕ್ಷಾವನ್ನು ಮಾತಾಡಿಟ್ಟುಕೊಳ್ಳಿ. ಆಷಾಢ ಏಕಾದಶಿಗೆಂದು ಪಂಢರಪುರಕ್ಕೆ ಹೊರಟ ಜ್ಞಾನೇಶ್ವರರ ಪಾಲಕಿ ಘಾಟ್ ಹತ್ತುವ ದಿನ ಮಾತ್ರ ಈ ಕಡೆ ಹೊರಡಬೇಡಿ.

ಏರು ಸಣ್ಣದು, ಸಮುದ್ರಮಟ್ಟದಿಂದ ಎತ್ತರ ಸುಮಾರು 3,100 ಅಡಿ. ತೊಂದರೆ ಬರುವುದು ಇಳಿಯುವಾಗ. ಮಳೆ ನಿಂತು ಹುಲ್ಲು ಒಣಗಿದ ಮೇಲೆ ಅದರಡಿಯ ಮೊರಂ (ಗರಸು) ಕಲ್ಲು ಸಡಿಲವಾಗಿ ಬೂಟಿನ ಕೆಳಗೆ ಉರುಳುತ್ತದೆ; ಸವೆದ ಸೋಲ್ ಇದ್ದರೆ ಜಾರುವುದು ಖಂಡಿತ. ನೇರ ಇಳಿಯದೆ ಅಡ್ಡಡ್ಡ ಇಳಿಯಿರಿ, ಪಾದ ಓರೆಯಾಗಿಟ್ಟು ಹೆಜ್ಜೆ ಗಿಡ್ಡ ಮಾಡಿ, ಒಣಹುಲ್ಲಿನ ಮೇಲೆ ಕಾಲಿಡುವುದು ತಪ್ಪಿಸಿ. ಹುಲ್ಲಿನ ಮುಳ್ಳು ಕಾಲುಚೀಲಕ್ಕೆ ಚುಚ್ಚಿಕೊಳ್ಳುವುದರಿಂದ ಉದ್ದ ಪ್ಯಾಂಟೇ ಸರಿ.

ನೆರಳು ಇಲ್ಲವೆಂದೇ ತಿಳಿಯಿರಿ. ಬಾವಿಗಳನ್ನು ನಂಬದೆ ತಲೆಗೆ ಎರಡು ಲೀಟರ್ ನೀರು ಒಯ್ಯಿರಿ. ಮಾರ್ಚ್‌ನಿಂದ ಮೇವರೆಗೆ ಏಳಕ್ಕೇ ಏರಲು ಶುರುಮಾಡಬೇಕು. ಜುಲೈನಿಂದ ನವೆಂಬರ್ ಇಲ್ಲಿನ ಒಳ್ಳೆಯ ಕಾಲ.

ಬಾಲೇಕಿಲ್ಲಾದಲ್ಲಿ, ಅಂದರೆ ಒಳಕೋಟೆಯಲ್ಲಿ, ಖಂಡೋಬಾ (ನಮ್ಮ ಮೈಲಾರಲಿಂಗ) ಮತ್ತು ಮಹಾದೇವರ ಗುಡಿಗಳು ಅಕ್ಕಪಕ್ಕ ಇವೆ. ಮೈಲಾರಲಿಂಗನ ಒಕ್ಕಲಿನವರು ಭಂಡಾರ (ಅರಿಶಿನಪುಡಿ) ಕಟ್ಟಿಕೊಂಡು ಹೋಗಬಹುದು. ಬುರುಜಿನ ಮೇಲೆ ನಿಂತರೆ ಪುರಂದರ, ವಜ್ರಗಡಗಳು ಜೋಡಿಯಾಗಿ ಕಾಣುತ್ತವೆ. ಗೋಡೆಯ ಕಲ್ಲು ಅಲ್ಲಲ್ಲಿ ಸಡಿಲಾಗಿದೆ, ಮಕ್ಕಳನ್ನು ಮೇಲೆ ಹತ್ತಿಸಬೇಡಿ.

ಊಟದ ವ್ಯವಸ್ಥೆ ಗಡದ ಮೇಲಿಲ್ಲ, ಬುತ್ತಿ ಬೇಕು. ಇಳಿದ ಮೇಲೆ ಸಾಸವಡದ ಸಂತೆಯಲ್ಲಿ ಅಂಜೂರ, ಸೀತಾಫಲದ ಹಂಗಾಮು ನೋಡಿ ಕೊಳ್ಳಿ; ಪುರಂದರದ ಅಂಜೂರಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.