ಚಿಗರಿ ಬಸ್ಸು: ನವನಗರದವಳ ಅನುಭವ

ನನ್ನ ಮನೆ ಇರುವುದು ಹುಬ್ಬಳ್ಳಿ-ಧಾರವಾಡಗಳ ನಡುವಿನ ನವನಗರದಲ್ಲಿ. ಧಾರವಾಡದ ಆಫೀಸಿನಲ್ಲಿ ನಾನು ಹುಬ್ಬಳ್ಳಿಯವಳು. ಹಳೇ ಹುಬ್ಬಳ್ಳಿಯಲ್ಲಿ ಸಿದ್ಧಾರೂಢ ಮಠದ ಹತ್ತಿರ ಇರುವ ನಮ್ಮವ್ವನ ಪಾಲಿಗೆ ಮಾತ್ರ "ಧಾರವಾಡದ ಕಡೆ ಹೋಗಿ ಕುಂತಾಕಿ". ಐದು ದಿನ ಈ ಎರಡು ಊರುಗಳ ನಡುವೆ ಓಡುವ ಚಿಗರಿ ಬಸ್ಸು ಹತ್ತಿ ಆ ಕಡೆ, ಭಾನುವಾರ ಅದನ್ನೇ ಹತ್ತಿ ಈ ಕಡೆ. 2018ರಲ್ಲಿ ಪ್ರಾಯೋಗಿಕವಾಗಿ ಓಡಲು ಶುರುವಾದಾಗಿನಿಂದ ನನ್ನ ಓಡಾಟ ಇದರಲ್ಲೇ.

ಹೆಸರು ಇಟ್ಟವರಿಗೆ ಶರಣು. ಎರೆಹೊಲದಲ್ಲಿ ಜಿಗಿದು ಓಡುವ ಚಿಗರಿಯನ್ನು, ಅಂದರೆ ಜಿಂಕೆಯನ್ನು, ನೋಡಿದವರಿಗೆ ಬೇರೆ ವಿವರಣೆ ಬೇಡ. ರಸ್ತೆಯ ನಡುವೆ ಇದಕ್ಕೇ ಬಿಟ್ಟ ದಾರಿ, ಒಳಗೆ ಎಸಿ, ಸುಮಾರು 22 ಕಿ.ಮೀ. ಓಟ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟಕ್ಕಿರುವುದು. ಮೊಣಕಾಲು ನೋವಿನ ಅವ್ವ ಮೊದಲ ಸಲ ನನ್ನ ಕೈ ಹಿಡಿಯದೆ ಹತ್ತಿ, "ಮನಿ ಹೊಸ್ತಿಲಾ ದಾಟಿದಂಗಾತು" ಅಂದಳು.

ಊರು ನೋಡಬೇಕೆಂದು ಬಂದವರು ನಡುವೆ ಕಡಿಮೆ ನಿಲ್ಲುವ ಬಸ್ಸನ್ನು ಬಿಟ್ಟುಬಿಡಿ. ಎಲ್ಲ ಕಡೆ ನಿಲ್ಲುವುದನ್ನು ಹತ್ತಿ, ಕಿಟಕಿ ಹಿಡಿಯಿರಿ. ಹುಬ್ಬಳ್ಳಿ ಹೇಗೆ ಬೆಳೆಯಿತು ಅನ್ನುವುದು ಸಾಲಾಗಿ ಕಾಣುತ್ತದೆ. ರೈಲು ನಿಲ್ದಾಣದ ಗದ್ದಲ ದಾಟಿದರೆ ಹೊಸೂರು, ವಿದ್ಯಾನಗರದ ಕಾಲೇಜುಗಳು, ಆಮೇಲೆ ಉಣಕಲ್ ಕೆರೆ. ಉಣಕಲ್ಲಿನಲ್ಲಿ ಒಮ್ಮೆ ಇಳಿಯಲೇಬೇಕು. ನಾಲ್ಕು ದಿಕ್ಕಿಗೂ ಬಾಗಿಲಿರುವ ಚಂದ್ರಮೌಳೇಶ್ವರ ಗುಡಿ ಚಾಲುಕ್ಯರ ಕಾಲದ್ದು, ಮನೆಗಳ ನಡುವೆ ಸುಮ್ಮನೆ ನಿಂತಿದೆ. ನವನಗರ, ರಾಯಾಪುರ, ಸತ್ತೂರು, ಪೇರಲಕ್ಕೆ ಹೆಸರಾದ ನವಲೂರು. ಅಲ್ಲಿಂದಾಚೆ ಗಾಳಿಯೇ ಬೇರೆ. ಹುಬ್ಬಳ್ಳಿಯ ಕಪ್ಪು ನೆಲ ಹಿಂದೆ ಉಳಿದು ಧಾರವಾಡದ ಕೆಂಪು ಮಣ್ಣು, ಜಿಟಿಜಿಟಿ ಮಳೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಪಡುವಣ ಕಡಲಿಗೆ ಹರಿಯುತ್ತಾಳೆ. ಇತ್ತ ಬೆಣ್ಣೆಹಳ್ಳದ ನೀರು ಮಲಪ್ರಭೆ ಸೇರಿ, ಕೃಷ್ಣೆಯ ಜೊತೆ ಮೂಡಣ ಕಡಲಿಗೆ. ಅಂಥ ದಿಬ್ಬದ ಮೇಲೆ ನಮ್ಮ ಬಸ್ಸು ದಿನಾ ಓಡುತ್ತದೆ!

1962ರಲ್ಲಿ ಎರಡೂ ಊರು ಸೇರಿ ಒಂದೇ ಮಹಾನಗರ ಪಾಲಿಕೆ ಆಯಿತು. ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು 2025ರಲ್ಲಿ ಸಚಿವ ಸಂಪುಟ ಒಪ್ಪಿದೆ. ಧಾರವಾಡದವರ ಬೇಡಿಕೆ ನ್ಯಾಯವಾದದ್ದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಚಿಗರಿ ಮಾತ್ರ ಹೀಗೇ ಎರಡೂ ಊರಿಗೆ ಓಡಾಡುತ್ತಿರಲಿ.

ಈ ಬಸ್ಸಿನಿಂದ ಕಾಣದಿರುವುದು ಹಳೇ ಹುಬ್ಬಳ್ಳಿ. ಅದಕ್ಕೆ ಇಳಿದು ಆಟೋ ಹಿಡಿಯಬೇಕು. ಊರಿನ ಹೆಸರು ಹುಟ್ಟಿದ್ದೇ ಅಲ್ಲಿ: ಹಿಂದಿನ ಪುರ್ಬಳ್ಳಿಯ ಪಕಾರ ಹಕಾರವಾಗಿ ಹುಬ್ಬಳ್ಳಿ ಆಯಿತು ಅನ್ನುತ್ತಾರೆ. ಪೇಟೆ ಹುಬ್ಬಳ್ಳಿ ಆಮೇಲಿನದು, ಕೋಟೆಯ ಮುಂದಿನ ಬಯಲು ದುರ್ಗದಬೈಲಿನ ಸುತ್ತ ವ್ಯಾಪಾರಸ್ಥರು ಬೆಳೆಸಿದ್ದು. ಇಂಗ್ಲಿಷಿನ 'ಹುಬ್ಲಿ' 2014ರ ನವೆಂಬರ್ 1ರಂದು ಅಧಿಕೃತವಾಗಿ ಹೋಯಿತು. ನಮ್ಮವ್ವನ ಬಾಯಲ್ಲಿ ಅದು ಎಂದೂ ಬಂದೇ ಇರಲಿಲ್ಲ.

ಐದಕ್ಕೆ ಐದು ಕೊಡುತ್ತೇನೆ. ಬೆಳಿಗ್ಗೆ ಹನ್ನೊಂದರ ಮೇಲೆ ಹತ್ತಿದರೆ ಕಿಟಕಿ ಸೀಟು ಸಿಗುತ್ತದೆ.