ಬ್ಲೂಸ್ ಜೂನಿಯರ್ ಆಂಪ್: ಮೊದಲು ಸ್ಪೀಕರ್, ಆಮೇಲೆ ಪೆಟ್ಟಿಗೆ, ಕೊನೆಗೆ ವಾಲ್ವ್

ಫೆಂಡರ್ ಕಂಪನಿಯ ಬ್ಲೂಸ್ ಜೂನಿಯರ್ ಫೋರ್ ಎಂಬ ಗಿಟಾರ್ ಆಂಪ್ಲಿಫೈಯರನ್ನು ಬಳ್ಳಾರಿಯಲ್ಲಿ ಮನೆಯ ಅಭ್ಯಾಸಕ್ಕೂ, ಚರ್ಚಿನ ಹಾಡುಗಾರಿಕೆಗೂ, ಆರ್ಕೆಸ್ಟ್ರಾ ವೇದಿಕೆಗೂ ಬಳಸುತ್ತಾ ಬಂದವನಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇದು 15 ವ್ಯಾಟ್‌ನ ವಾಲ್ವ್ ಆಂಪ್, ಅಂದರೆ ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ನಳಿಕೆಗಳಿಂದ ಸಂಕೇತವನ್ನು ವರ್ಧಿಸುವ ಆಂಪ್. ಒಳಗೆ ಮೊದಲ ಹಂತಗಳ ವರ್ಧನೆಗೆ 12ಎಎಕ್ಸ್7 ವಾಲ್ವ್ ಮೂರು, ಸ್ಪೀಕರನ್ನು ಓಡಿಸುವ ಕೊನೆಯ ಹಂತಕ್ಕೆ ಇಎಲ್84 ವಾಲ್ವ್ ಎರಡು, ಸೆಲೆಶನ್ ಕಂಪನಿಯ 12 ಇಂಚಿನ ಎ-ಟೈಪ್ ಸ್ಪೀಕರ್ ಒಂದು, ಮತ್ತು ಸ್ವರಕ್ಕೆ ಪ್ರತಿಧ್ವನಿ ಸೇರಿಸುವ ಒಂದು ಸ್ಪ್ರಿಂಗ್ ರಿವರ್ಬ್ ಇವೆ. ತೂಕ 14 ಕೆಜಿಯ ಆಸುಪಾಸಿನಲ್ಲಿರುವುದರಿಂದ ಆಟೋದಲ್ಲಿ ಪಕ್ಕಕ್ಕಿಟ್ಟುಕೊಂಡು ಒಬ್ಬರೇ ಕಾರ್ಯಕ್ರಮಕ್ಕೆ ಹೋಗಿಬರಬಹುದು. ಕೊಳ್ಳಲು ಯೋಗ್ಯವಾದ ಆಂಪ್ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕೊಂಡವರು ಅದರ ನಾದವನ್ನು ತಮ್ಮ ಕೈಗೆ ಒಗ್ಗಿಸಿಕೊಳ್ಳಲು ಹೊರಟಾಗ ಸಾಮಾನ್ಯವಾಗಿ ವಾಲ್ವ್ ಬದಲಾಯಿಸುವುದರಿಂದ ಆರಂಭಿಸುತ್ತಾರೆ. ಆ ಕ್ರಮ ತಲೆಕೆಳಗಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೊಂಡು ತಂದು ಏನನ್ನೂ ಬದಲಿಸದೆ ಹಾಗೇ ನುಡಿಸಿದಾಗ ಕೇಳುವ ನಾದದ ಬಗ್ಗೆ ಮೊದಲು ಹೇಳುತ್ತೇನೆ. ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಒಂಟಿ ಸುರುಳಿ) ಇರುವ ಗಿಟಾರಿಗೆ ಇದು ಸ್ವಚ್ಛವಾದ, ಅಂಚಿನಲ್ಲಿ ಸ್ವಲ್ಪ ಮಿನುಗುವ ಸ್ವರ ಕೊಡುತ್ತದೆ. ವಾಲ್ಯೂಮ್ ಹೆಚ್ಚಿಸಿ ಮಾಸ್ಟರ್ (ಕೊನೆಯ ಹಂತಕ್ಕೆ ಹೋಗುವ ಸದ್ದಿನ ಗುಂಡಿ) ತಗ್ಗಿಸಿದರೆ ಮೊದಲ ಹಂತಗಳ ವಾಲ್ವ್‌ಗಳಲ್ಲೇ ಒಡೆದ, ಒರಟಾದ ಸ್ವರ ಬರುತ್ತದೆ. ಮಾಸ್ಟರನ್ನೂ ಏರಿಸಿದರೆ ಇಎಲ್84 ಜೋಡಿಯೂ ಅದರಲ್ಲಿ ಸೇರಿಕೊಂಡು ಸ್ವರ ಒತ್ತಿದಂತಾಗಿ ದಪ್ಪವಾಗುತ್ತದೆ. ಈ ಎರಡನೆಯ ಸ್ವರವೇ ಇದರ ನಿಜವಾದ ಬಂಡವಾಳ. ಕೊರತೆಯೆಂದರೆ ಸ್ಪೀಕರ್ ಕೂರಿಸಿರುವ ಪೆಟ್ಟಿಗೆ ಚಿಕ್ಕದು. ಆದ್ದರಿಂದ ಮಂದ್ರದ ತಂತಿಗಳಿಗೆ ಬೇಕಾದ ಹರವು ಸಿಗದೆ ನಡುವಿನ ಸ್ವರಗಳು ಗುಂಪುಗೂಡಿದಂತೆ ಕೇಳಿಸುತ್ತವೆ. ಟ್ರೆಬಲ್, ಮಿಡ್ಲ್, ಬೇಸ್ ಗುಂಡಿಗಳನ್ನು ಎಷ್ಟು ತಿರುಗಿಸಿದರೂ ಈ ಗುಣ ಪೂರ್ತಿ ಹೋಗುವುದಿಲ್ಲ, ಏಕೆಂದರೆ ಅದು ಸರ್ಕ್ಯೂಟಿನಲ್ಲಿ ಹುಟ್ಟಿದ್ದಲ್ಲ.

ಗಿಟಾರಿನ ಸ್ಪೀಕರ್ ಮನೆಯ ಟೇಪ್‌ರೆಕಾರ್ಡರಿನ ಸ್ಪೀಕರಿನಂತೆ ಬಂದ ಸಂಕೇತವನ್ನು ಇದ್ದದ್ದು ಇದ್ದ ಹಾಗೆ ಒಪ್ಪಿಸುವ ಸಾಧನವಲ್ಲ. ಸೆಲೆಶನ್ ಗ್ರೀನ್‌ಬ್ಯಾಕ್ ಎಂದು ಹೆಸರಾದ ಜಿ12ಎಂ ಸ್ಪೀಕರಿನ ವ್ಯಾಪ್ತಿ 75 ಹರ್ಟ್ಸ್‌ನಿಂದ 5000 ಹರ್ಟ್ಸ್‌ವರೆಗೆ ಎಂದು ತಯಾರಕರೇ ನಮೂದಿಸುತ್ತಾರೆ. ಗಿಟಾರಿನ ಅತಿ ದಪ್ಪ ತಂತಿಯ ಸ್ವರ ಸುಮಾರು 82 ಹರ್ಟ್ಸ್ ಆದ್ದರಿಂದ ಕೆಳಗಿನ ಮಿತಿ ಸಾಕಾಗುತ್ತದೆ. ಮೇಲಿನ ಮಿತಿ ಇನ್ನೂ ಮುಖ್ಯವಾದದ್ದು. ವಾಲ್ವ್‌ಗಳಲ್ಲಿ ಸ್ವರ ಒಡೆದಾಗ ಹುಟ್ಟುವ ಕರ್ಕಶವಾದ ಉಪಸ್ವರಗಳ ದೊಡ್ಡ ಪಾಲು 5000 ಹರ್ಟ್ಸ್‌ಗಿಂತ ಮೇಲಿರುತ್ತದೆ, ಮತ್ತು ಸ್ಪೀಕರಿನಲ್ಲಿ ನಡುಗಿ ಸದ್ದು ಹುಟ್ಟಿಸುವ ಕಾಗದದ ಕೋನ್ ಅದನ್ನು ದಾಟಲು ಬಿಡುವುದಿಲ್ಲ. ಅದೇ ಆಂಪ್‌ನ ಸಂಕೇತವನ್ನು ಸ್ಪೀಕರಿನ ಬದಲು ಅದರ ಹೊರೆ ಹೊರುವ ಲೋಡ್ ಬಾಕ್ಸ್ ಜೋಡಿಸಿ, ಯಾವ ಸೋಸುವಿಕೆಯೂ ಇಲ್ಲದೆ ನೇರವಾಗಿ ಹೆಡ್‌ಫೋನಿನಲ್ಲಿ ಕೇಳಿದವರಿಗೆ ಈ ಮಾತು ತಕ್ಷಣ ಅರ್ಥವಾಗುತ್ತದೆ: ಸ್ವರ ಎಂಬುದು ಉಳಿಯದೆ ಬರೀ ಗರಗರ ಸದ್ದು ಕಿವಿಗೆ ಬಡಿಯುತ್ತದೆ. ಕೋನ್ ಬರೀ ಸೋಸುವುದಿಲ್ಲ, ತನ್ನದೂ ಸೇರಿಸುತ್ತದೆ. 1000 ಹರ್ಟ್ಸ್ ದಾಟಿದ ಮೇಲೆ ಅದು ಒಂದೇ ಹಾಳೆಯಾಗಿ ಹಿಂದೆ ಮುಂದೆ ಚಲಿಸುವುದನ್ನು ಬಿಟ್ಟು, ನಡುಭಾಗ ಒಂದು ರೀತಿ, ಅಂಚು ಒಂದು ರೀತಿ ನಡುಗತೊಡಗುತ್ತದೆ. ಕಾಗದದ ದಪ್ಪ, ಅಂಚಿನ ಮಡಿಕೆ, ನಡುವಿನ ಟೋಪಿಯ ಗಾತ್ರ, ಇವೆಲ್ಲ ಸೇರಿ ಆ ನಡುಕದ ಸ್ವರೂಪವನ್ನು ನಿರ್ಧರಿಸುತ್ತವೆ. 'ಈ ಸ್ಪೀಕರಿನ ನಾದ' ಎಂದು ನಾವು ಗುರುತಿಸುವುದು ಬಹುಮಟ್ಟಿಗೆ ಇದನ್ನೇ.

ಸೆಲೆಶನ್ ಕಂಪನಿಯದೇ ಎರಡು ಸ್ಪೀಕರುಗಳನ್ನು ಹೋಲಿಸಿದರೆ ಅಂತರ ಎಷ್ಟೆಂಬುದು ತಿಳಿಯುತ್ತದೆ. ಗ್ರೀನ್‌ಬ್ಯಾಕ್ 25 ವ್ಯಾಟ್ ತಡೆಯುತ್ತದೆ, ಅದರ ಸಂವೇದನೆ (ಕೊಟ್ಟ ಶಕ್ತಿಗೆ ಎಷ್ಟು ಸದ್ದು ಮಾಡುತ್ತದೆಂಬ ಅಳತೆ) 98 ಡೆಸಿಬಲ್. ವಿಂಟೇಜ್ 30 ಎಂಬುದು, ಹೆಸರಿನಲ್ಲಿ 30 ಇದ್ದರೂ, 60 ವ್ಯಾಟ್ ತಡೆಯುತ್ತದೆ, ಸಂವೇದನೆ 100 ಡೆಸಿಬಲ್. ಆಂಪ್‌ನ ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಸಿಗುವುದು 3 ಡೆಸಿಬಲ್ ಮಾತ್ರ ಎಂಬುದನ್ನು ನೆನಪಿಟ್ಟುಕೊಂಡರೆ, 2 ಡೆಸಿಬಲ್ ಎಂಬುದು ಸಣ್ಣ ಲಾಭವಲ್ಲವೆಂದು ಗೊತ್ತಾಗುತ್ತದೆ: 15 ವ್ಯಾಟ್‌ನ ಆಂಪ್ ಸುಮಾರು 24 ವ್ಯಾಟ್‌ನದರಂತೆ ಕೇಳಿಸುತ್ತದೆ. ಡ್ರಮ್ಮು, ಕೀಬೋರ್ಡು, ಪ್ಯಾಡು ಇರುವ ತಂಡದಲ್ಲಿ ಗಿಟಾರ್ ಮುಳುಗುತ್ತಿದ್ದರೆ ವಿಂಟೇಜ್ 30 ಹಾಕುವುದು ಒಳ್ಳೆಯದು. ನಡುವಿನ ಸ್ವರಗಳ ಮೇಲ್ಭಾಗದಲ್ಲಿ ಅದಕ್ಕಿರುವ ಉಬ್ಬು ಗದ್ದಲವನ್ನು ಸೀಳಿಕೊಂಡು ಬರುತ್ತದೆ. ಚರ್ಚಿನ ಸಭಾಂಗಣದಂತಹ ಪ್ರತಿಧ್ವನಿಯ ಜಾಗದಲ್ಲಿ ಅದೇ ಉಬ್ಬು ಕಿವಿಗೆ ಚುಚ್ಚುತ್ತದೆ, ಅಲ್ಲಿ ಗ್ರೀನ್‌ಬ್ಯಾಕಿನ ಮೆತ್ತನೆಯ ಸ್ವರವೇ ಹಿತ. ನನ್ನ ಆಯ್ಕೆ ಗ್ರೀನ್‌ಬ್ಯಾಕ್. ಸದ್ದು ತುಸು ಕಡಿಮೆಯಾದರೆ ಇಎಲ್84 ಜೋಡಿಯನ್ನು ಇನ್ನಷ್ಟು ದುಡಿಸಬಹುದು, ಆ ದುಡಿಮೆಯ ಸ್ವರಕ್ಕಾಗಿಯೇ ಅಲ್ಲವೇ ನಾವು ಈ ಆಂಪ್ ಕೊಳ್ಳುವುದು?

ಪೆಟ್ಟಿಗೆಯ ವಿಚಾರಕ್ಕೆ ಬಂದರೆ, ಬಳ್ಳಾರಿಯಂಥ ಊರಿನಲ್ಲಿ ಇರುವ ಅನುಕೂಲವೇ ಬೇರೆ. ವಿದೇಶದಿಂದ ತರಿಸುವ ಕ್ಯಾಬಿನೆಟ್ಟಿಗೆ ಸಾಗಣೆ ವೆಚ್ಚವೇ ಭಾರವಾಗುತ್ತದೆ. ನಮ್ಮಲ್ಲಿಯಾದರೋ ಒಳ್ಳೆಯ ಬಡಿಗರಿದ್ದಾರೆ, ಮೈಕ್ ಸೆಟ್ ಬಾಡಿಗೆಗೆ ಕೊಡುವವರಿಗೆ ಸ್ಪೀಕರ್ ಡಬ್ಬಿ ಮಾಡಿಕೊಟ್ಟು ಕೈ ಪಳಗಿದವರೂ ಇದ್ದಾರೆ. 18 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ, ಹೊರ ಅಳತೆ 60 ಸೆಂಟಿಮೀಟರ್ ಅಗಲ, 50 ಎತ್ತರ, 28 ಆಳ ಇರುವಂತೆ ಒಂದು ಪೆಟ್ಟಿಗೆಯನ್ನು ಅಂಥ ಒಬ್ಬರಿಂದ ಮಾಡಿಸಿದೆ. ಒಳಗೆ ಸುಮಾರು 60 ಲೀಟರ್ ಗಾಳಿ ಹಿಡಿಯುತ್ತದೆ. ಹಿಂಬದಿಯ ಹಲಗೆಯನ್ನು ಅಡ್ಡಲಾಗಿ ಮೂರು ತುಂಡು ಮಾಡಿಸಿ ಸ್ಕ್ರೂನಿಂದ ಕೂರಿಸಲು ಹೇಳಿದ್ದರಿಂದ, ಮೂರನ್ನೂ ಹಾಕಿದರೆ ಮುಚ್ಚಿದ ಪೆಟ್ಟಿಗೆ, ನಡುವಿನದನ್ನು ತೆಗೆದರೆ ತೆರೆದ ಪೆಟ್ಟಿಗೆ. ಒಂದೇ ಸ್ಪೀಕರ್, ಒಂದೇ ಆಂಪ್, ಒಂದೇ ಗಿಟಾರ್ ಇಟ್ಟುಕೊಂಡು ಪೆಟ್ಟಿಗೆಯ ಪಾಲು ಎಷ್ಟೆಂದು ತಿಳಿಯಲು ಇದಕ್ಕಿಂತ ಸರಳವಾದ ಉಪಾಯ ನನಗೆ ಗೊತ್ತಿಲ್ಲ.

ಕೆಲಸ ಮುಗಿದ ಸಂಜೆ ಆ ಬಡಿಗರ ಅಂಗಡಿಯಲ್ಲೇ, ರಂದದ ಸಿಪ್ಪೆಯ ನಡುವೆ ಅದನ್ನಿಟ್ಟು ನುಡಿಸಿದೆ. ಮುಚ್ಚಿದ ಪೆಟ್ಟಿಗೆಯಲ್ಲಿ ದಪ್ಪ ತಂತಿಯನ್ನು ಅಂಗೈಯಿಂದ ಅದುಮಿ ಮೀಟಿದಾಗ ಧಮ್ಮೆಂದು ಎದೆಗೆ ತಾಗಿತು. ನಡುಹಲಗೆಯನ್ನು ಬಿಚ್ಚಿ ಅದನ್ನೇ ನುಡಿಸಿದೆ. ಭಜನೆಯಲ್ಲಿ ತಬಲಾ ಬಾರಿಸುವ ಅಭ್ಯಾಸವಿರುವ ಅವರು ಉಳಿ ಕೆಳಗಿಟ್ಟು, "ಈಗ ಎಡದ್ ಹೋಗಿ ಬಲದ್ ಒಂದ ಉಳಿತು ನೋಡ್ರಿ" ಎಂದರು. ಡಗ್ಗಾದ ಗುಮುಕು ಹೋಗಿ ಬಲ ತಬಲದ ನಾದವಷ್ಟೇ ನಿಂತಂತಾಯಿತು ಎಂಬ ಆ ಮಾತಿಗಿಂತ ನಿಖರವಾದ ವರ್ಣನೆಯನ್ನು ನಾನು ಕೇಳಿಲ್ಲ.

ಕಾರಣ ಸರಳವಾಗಿದೆ. ಕೋನ್ ಮುಂದಕ್ಕೆ ಗಾಳಿಯನ್ನು ಒತ್ತುವಾಗಲೇ ಹಿಂದೆ ಅದನ್ನು ಎಳೆದುಕೊಳ್ಳುತ್ತಿರುತ್ತದೆ, ಹಾಗಾಗಿ ಹಿಂದಿನ ಅಲೆ ಮುಂದಿನ ಅಲೆಗೆ ವಿರುದ್ಧ ದಿಕ್ಕಿನದು. 82 ಹರ್ಟ್ಸ್ ಸ್ವರದ ಅಲೆಯ ಉದ್ದ 4 ಮೀಟರಿಗೂ ಹೆಚ್ಚು; ಅಷ್ಟು ಉದ್ದದ ಅಲೆಗೆ 28 ಸೆಂಟಿಮೀಟರ್ ಆಳದ ಪೆಟ್ಟಿಗೆಯನ್ನು ಸುತ್ತಿ ಬರುವುದು ಏನೇನೂ ಅಲ್ಲ, ಆದ್ದರಿಂದ ತೆರೆದ ಪೆಟ್ಟಿಗೆಯಲ್ಲಿ ಮಂದ್ರದ ಎರಡು ಅಲೆಗಳೂ ಒಂದನ್ನೊಂದು ಕಳೆದುಹಾಕುತ್ತವೆ. ಮುಚ್ಚಿದಾಗ ಹಿಂದಿನ ಅಲೆ ಒಳಗೇ ಉಳಿಯುತ್ತದೆ. ಜೊತೆಗೆ ಒಳಗಿನ ಗಾಳಿ ಕೋನಿಗೆ ಸ್ಪ್ರಿಂಗ್ ಆಗಿ ನಿಂತು ಅದರ ಚಲನೆಯನ್ನು ಬಿಗಿಗೊಳಿಸುತ್ತದೆ, ಗ್ರೀನ್‌ಬ್ಯಾಕಿನ ಸಹಜ ಅನುರಣನ (ಕೋನ್ ತಾನಾಗಿ ಅತಿ ಸುಲಭವಾಗಿ ನಡುಗುವ ಸ್ವರ) 75 ಹರ್ಟ್ಸ್‌ನಿಂದ ಮೇಲಕ್ಕೆ ಸರಿಯುತ್ತದೆ. ಹಾಗೆಂದು ತೆರೆದ ಪೆಟ್ಟಿಗೆ ಕೀಳಲ್ಲ. ಅದರ ಸ್ವರ ಹಿಂದಿನ ಗೋಡೆಗೆ ತಾಗಿ ಕೋಣೆಯನ್ನೆಲ್ಲ ತುಂಬಿಕೊಳ್ಳುತ್ತದೆ, ಪಕ್ಕದಲ್ಲಿ ನಿಂತ ಗಾಯಕರಿಗೂ ಕೇಳಿಸುತ್ತದೆ. ಮುಚ್ಚಿದ ಪೆಟ್ಟಿಗೆಯ ಸ್ವರ ಎದುರಿಗಿದ್ದವರಿಗೇ ಹೆಚ್ಚು. ಸಣ್ಣ ಸಭೆಗೆ ತೆರೆದದ್ದು, ಬಯಲಿನ ಪೆಂಡಾಲಿಗೆ ಮುಚ್ಚಿದ್ದು ಎಂದು ನಾನು ಬಳಸುತ್ತೇನೆ.

ಮರದ ಬಗ್ಗೆ ಜನ ಹೇಳುವಷ್ಟು ದೊಡ್ಡ ವ್ಯತ್ಯಾಸ ನನಗೆ ಕಂಡಿಲ್ಲ. ಸ್ಪೀಕರ್ ಕೂರುವ ಮುಂದಿನ ಹಲಗೆ ಗಟ್ಟಿಯಾಗಿರಬೇಕು, ಮೂಲೆಗಳು ಬಿಗಿಯಾಗಿರಬೇಕು, ಯಾವ ಸ್ಕ್ರೂ ಕೂಡ ಗಿರಗುಟ್ಟಬಾರದು. ಅಷ್ಟಾದರೆ ಮೇಲೆ ಯಾವ ರೆಗ್ಜಿನ್ ಹೊದಿಸಿದರೂ ಆದೀತು.

ಇನ್ನು ವಾಲ್ವ್. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಒಂದು ಕಾಲಕ್ಕೆ ರೇಡಿಯೋ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ಈಗ ಹೊಸ ವಾಲ್ವ್‌ಗಳು ಮುಖ್ಯವಾಗಿ ಸ್ಲೊವಾಕಿಯಾ, ರಷ್ಯಾ, ಚೀನಾಗಳಿಂದ ಬರುತ್ತವೆ. ಒಂದೇ ಬಗೆಯ ವಾಲ್ವನ್ನು ಬೇರೆ ಕಾರ್ಖಾನೆಯದರಿಂದ ಬದಲಿಸಿದಾಗ ಆಗುವ ವ್ಯತ್ಯಾಸ ನನ್ನ ಕಿವಿಗೆ ಬಹಳ ಸಣ್ಣದು. ಸದ್ದಿಲ್ಲದೆ, ಬಡಿದರೆ ಠಣ್ಣೆನ್ನದೆ ಇರುವ ವಾಲ್ವ್ ಸಿಕ್ಕರೆ ಸಾಕು. ಬಗೆಯನ್ನೇ ಬದಲಿಸಿದರೆ ಮಾತು ಬೇರೆ. 12ಎಎಕ್ಸ್7ರ ವರ್ಧನಾಂಕ 100, ಅದರ ಜಾಗದಲ್ಲಿ ಕೂರುವ 5751 ಎಂಬ ವಾಲ್ವಿನದು 70. ಮೊದಲ ಸ್ಥಾನಕ್ಕೆ 5751 ಹಾಕಿದರೆ ವಾಲ್ಯೂಮ್ ಗುಂಡಿ ಇನ್ನಷ್ಟು ದೂರ ಹೋಗುವವರೆಗೂ ಸ್ವರ ಸ್ವಚ್ಛವಾಗಿ ಉಳಿಯುತ್ತದೆ. ಸುಗಮ ಸಂಗೀತಕ್ಕೆ ನುಡಿಸುವವರಿಗೆ ಇದು ಉಪಯುಕ್ತ ಬದಲಾವಣೆ, ಮತ್ತು ಅಗ್ಗವಾದದ್ದು.

'ವಾಲ್ವಿನ ಬೆಚ್ಚನೆ ಸ್ವರ' ಎಂದು ನಾವು ಮೆಚ್ಚುವುದರಲ್ಲಿಯೂ ಸ್ಪೀಕರಿನ ಪಾಲು ಸೇರಿಕೊಂಡಿದೆ. ಸ್ಪೀಕರಿನ ಮೇಲೆ ಅದರ ವಿದ್ಯುತ್ ಪ್ರತಿರೋಧ 8 ಓಂ ಎಂದು ಅಚ್ಚಾಗಿದ್ದರೂ ಅದು ಎಲ್ಲ ಸ್ವರಗಳಿಗೂ 8 ಓಂ ಆಗಿರುವುದಿಲ್ಲ. ಅನುರಣನದ ಬಳಿ ಅದು ಹಲವು ಪಟ್ಟು ಏರುತ್ತದೆ, ತಾರದ ಕಡೆಗೆ ವಾಯ್ಸ್ ಕಾಯಿಲಿನ (ಕೋನನ್ನು ಅಲುಗಿಸುವ ತಂತಿ ಸುರುಳಿಯ) ಗುಣದಿಂದ ಮತ್ತೆ ಏರುತ್ತದೆ. ಸಾಮಾನ್ಯ ಟ್ರಾನ್ಸಿಸ್ಟರ್ ಆಂಪ್ ಈ ಏರಿಳಿತಕ್ಕೆ ಜಗ್ಗುವುದಿಲ್ಲ. ವಾಲ್ವ್ ಆಂಪ್‌ನ ಒಳ ಪ್ರತಿರೋಧ ಹೆಚ್ಚಾದ್ದರಿಂದ, ಸ್ಪೀಕರ್ ಎಲ್ಲಿ ಏರುತ್ತದೋ ಅಲ್ಲಿ ಅದು ಹೆಚ್ಚು ವೋಲ್ಟೇಜ್ ಕೊಡುತ್ತದೆ: ಮಂದ್ರ ದುಂಡಗಾಗುತ್ತದೆ, ತಾರ ಹೊಳೆಯುತ್ತದೆ. ಸ್ಪೀಕರ್ ಬದಲಾದರೆ ಆ ದುಂಡುತನವೂ ಹೊಳಪೂ ಬೇರೆ ಜಾಗಕ್ಕೆ ಸರಿಯುತ್ತವೆ. ಇಎಲ್84ಗಳನ್ನು ಬದಲಿಸುತ್ತಾ ಹುಡುಕುವ ಸ್ವರ ಹಲವರಿಗೆ ಸಿಗದಿರುವುದು ಈ ಕಾರಣಕ್ಕೆ.

ನಮ್ಮ ಊರಿಗೆ ಸಂಬಂಧಿಸಿದ ಒಂದೆರಡು ಎಚ್ಚರಿಕೆಗಳು ಅಗತ್ಯ. ಬಳ್ಳಾರಿಯ ಬೇಸಿಗೆಯಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ, ಇಎಲ್84ಗಳೋ ಬರಿಗೈಯಲ್ಲಿ ಮುಟ್ಟಲಾಗದಷ್ಟು ಕಾಯುತ್ತವೆ. ಆಂಪ್‌ನ ಹಿಂಬದಿಯನ್ನು ಗೋಡೆಗೆ ಒತ್ತಿಡದೆ ಗಾಳಿಯಾಡಲು ಬಿಡಬೇಕು. ಜನರೇಟರಿನಲ್ಲಿ ನಡೆಯುವ ಕಾರ್ಯಕ್ರಮಗಳಲ್ಲಿ ವೋಲ್ಟೇಜ್ ಏರಿಳಿಯುವುದುಂಟು. 230 ವೋಲ್ಟ್‌ಗೆ ಹೊಂದಿಸಿದ ಆಂಪ್‌ಗೆ 250 ವೋಲ್ಟ್ ಬಂದರೆ ವಾಲ್ವಿನ ಹೀಟರಿಗೆ 6.3ರ ಬದಲು ಸುಮಾರು 6.85 ವೋಲ್ಟ್ ಸಿಗುತ್ತದೆ, ಒಳಗಿನ ಹೈ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಏರುತ್ತದೆ, ವಾಲ್ವಿನ ಆಯುಷ್ಯ ಕುಗ್ಗುತ್ತದೆ. ಒಂದು ಸ್ಟೆಬಿಲೈಸರ್ ಜೊತೆಗಿರಲಿ. ಸ್ಪೀಕರನ್ನಾಗಲಿ ಲೋಡ್ ಬಾಕ್ಸನ್ನಾಗಲಿ ಜೋಡಿಸದೆ ವಾಲ್ವ್ ಆಂಪನ್ನು ಯಾವ ಕಾರಣಕ್ಕೂ ಚಾಲೂ ಮಾಡಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಹೊರಗಿನ ಪೆಟ್ಟಿಗೆಯೂ 8 ಓಂ ಇರಬೇಕು. ಒಳಗೆ 300 ವೋಲ್ಟ್‌ಗೂ ಮೀರಿದ ಡಿಸಿ ಇರುವುದರಿಂದ, ಮತ್ತು ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿಯಬಹುದಾದ್ದರಿಂದ, ಒಳಗಿನ ರಿಪೇರಿಯನ್ನು ಬಲ್ಲವರಿಗೇ ಬಿಡಬೇಕು.

ದೊಡ್ಡ ವೇದಿಕೆಯಲ್ಲಿ ಈ ಆಂಪ್‌ಗೆ ಮೈಕ್ ಹಿಡಿಯಲೇಬೇಕು, ಸೌಂಡ್ ನೋಡಿಕೊಳ್ಳುವವರು ಅದನ್ನು ಸಾಮಾನ್ಯವಾಗಿ ಕೋನಿನ ನಟ್ಟನಡುವಿಗೆ ಇಡುತ್ತಾರೆ. 12 ಇಂಚಿನ ಕೋನ್ ಸುಮಾರು 1300 ಹರ್ಟ್ಸ್ ದಾಟಿದ ಮೇಲೆ ಸ್ವರವನ್ನು ಟಾರ್ಚಿನ ಬೆಳಕಿನಂತೆ ನೇರ ಎದುರಿಗೆ ಎಸೆಯತೊಡಗುತ್ತದೆ. ನಟ್ಟನಡುವೆ ಮೈಕ್ ಇಟ್ಟರೆ ತಾರ ಅತಿಯಾಗಿ ತೀಕ್ಷ್ಣವಾಗುತ್ತದೆ. ನಡುವಿನ ಟೋಪಿಯ ಅಂಚಿನಿಂದ ಎರಡು ಬೆರಳಿನಷ್ಟು ಹೊರಕ್ಕೆ ಸರಿಸಲು ಅವರಲ್ಲಿ ಕೇಳಿಕೊಳ್ಳಿ. ಆಂಪನ್ನು ನೆಲದ ಮೇಲಿಡದೆ ಒಂದು ಕುರ್ಚಿಯ ಮೇಲಿಟ್ಟು ಸ್ವಲ್ಪ ಹಿಂದಕ್ಕೆ ವಾಲಿಸಿದರೆ ನುಡಿಸುವವರ ಕಿವಿಗೂ ಸಭಿಕರು ಕೇಳುತ್ತಿರುವ ಸ್ವರವೇ ಬರುತ್ತದೆ, ಟ್ರೆಬಲ್ ಎಷ್ಟಿರಬೇಕೆಂದು ಆಗ ಅವರೇ ತೀರ್ಮಾನಿಸಬಹುದು.