‘ಟ್ರ್ಯಾಕ್ ರೆಡಿ’ ಅಂತ ಮಾರುವ ಹಳೆ ಕಾರು: ದುಡ್ಡು ಕೊಡುವ ಮೊದಲು ಇದನ್ನು ಓದಿ

ಹಳೆ ಕಾರಿನ ಜಾಹೀರಾತಿನಲ್ಲಿ ‘ಟ್ರ್ಯಾಕ್ ರೆಡಿ’, ಅಂದರೆ ರೇಸ್ ಟ್ರ್ಯಾಕ್‌ನಲ್ಲಿ ಓಡಿಸಲು ಸಿದ್ಧ, ಅಂತ ಕಂಡರೆ ಬೆಲೆ ಆಮೇಲೆ ಕೇಳಿ. ಮೊದಲು ಕೇಳಬೇಕಾದ್ದು ಇದು: ‘ನಾನು ಬರುವ ತನಕ ಎಂಜಿನ್ ಸ್ಟಾರ್ಟ್ ಮಾಡದೆ ಇಡ್ತೀರಾ?’ ನನಗೆ ಮಾರಿದವರು ಆಗಲಿ ಅಂದಿದ್ದರು. ಹೋಗಿ ಬಾನೆಟ್ ಮುಟ್ಟಿದರೆ ಬೆಚ್ಚಗಿತ್ತು. ‘ಈಗಷ್ಟೇ ವಾಷ್ ಮಾಡಿಸ್ಕೊಂಡು ಬಂದೆ ಸರ್’ ಅಂದರು. ಕಾರು ಹೊಳೆಯುತ್ತಿತ್ತು, ಆ ಮಾತು ನಂಬುವ ಹಾಗೇ ಇತ್ತು.

ಅದೊಂದು ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುರುಕುವ ಸಾಧನ) ಇರುವ ಹ್ಯಾಚ್‌ಬ್ಯಾಕ್. ಯಾವ ಕಂಪನಿ, ಯಾವ ಮಾಡೆಲ್ ಅಂತ ಹೇಳುವುದಿಲ್ಲ, ಏಕೆಂದರೆ ಕಾರು ಮಾಡಿದವರದ್ದು ಇದರಲ್ಲಿ ಏನೂ ಇಲ್ಲ. ಆಮೇಲೆ ಹಾಕಿಸಿದ ಸಾಮಾನಿನ ಪಟ್ಟಿ ಮಾತ್ರ ಉದ್ದ. ದೊಡ್ಡ ಟರ್ಬೊ, ಪವರ್ ಏರಿಸಲು ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಿಸುವ ರೀಮ್ಯಾಪ್, ಕಾರನ್ನು ನೆಲಕ್ಕೆ ಇಳಿಸುವ ಕಾಯಿಲೋವರ್, ತೂತು ಕೊರೆದ ಬ್ರೇಕ್ ಡಿಸ್ಕ್, ಬಕೆಟ್ ಸೀಟು, ನಾಲ್ಕು ಪಟ್ಟಿಯ ಹಾರ್ನೆಸ್ (ರೇಸ್ ಸೀಟ್ ಬೆಲ್ಟ್). ಎಲ್ಲದಕ್ಕೂ ಬಿಲ್ ತೋರಿಸಿದರು. ‘ಏನೂ ಕೆಲಸ ಇಲ್ಲ ಸರ್, ಹೆಲ್ಮೆಟ್ ಹಾಕ್ಕೊಂಡು ಹೋಗೋದಷ್ಟೇ’ ಅನ್ನುವುದು ಅವರ ಮಾತು. ಆ ಬಿಲ್ಲುಗಳ ಕಟ್ಟಿನಲ್ಲಿ ಆಯಿಲ್ ಬದಲಾಯಿಸಿದ್ದಕ್ಕೆ ಒಂದು ಚೀಟಿಯೂ ಇರಲಿಲ್ಲ. ಕೂಲಂಟ್, ಬ್ರೇಕ್ ಫ್ಲೂಯಿಡ್, ಟೈಮಿಂಗ್ ಬೆಲ್ಟ್ ಯಾವುದರ ಸುದ್ದಿಯೂ ಇಲ್ಲ. ಸರ್ವಿಸ್ ಎಲ್ಲಾ ತಾವೇ ಮನೆಯಲ್ಲಿ ಮಾಡಿಕೊಳ್ಳುತ್ತಿದ್ದರಂತೆ.

ಟ್ರ್ಯಾಕ್‌ನಲ್ಲಿ ಮೊದಲು ಕೈಕೊಟ್ಟದ್ದು ಬ್ರೇಕ್. ಒಂದೆರಡು ಲ್ಯಾಪ್ ಚೆನ್ನಾಗಿಯೇ ಹೋಯಿತು. ಆಮೇಲೆ ಪೆಡಲ್ ಮೆತ್ತಗಾಗುತ್ತಾ ಬಂತು. ಉದ್ದನೆಯ ನೇರ ದಾರಿಯ ಕೊನೆಯಲ್ಲಿ ಒತ್ತಿದರೆ ಪೆಡಲ್ ಸೀದಾ ನೆಲಕ್ಕೆ ಹೋಯಿತು, ಕಾರು ಮಾತ್ರ ಓಡುತ್ತಲೇ ಇತ್ತು. ತಿರುವಿನ ಆಚೆ ಖಾಲಿ ಜಾಗ ಧಾರಾಳವಾಗಿದ್ದದ್ದರಿಂದ ಇದನ್ನು ಬರೆಯಲು ಕೂತಿದ್ದೇನೆ. ಪೆಡಲನ್ನು ಮತ್ತೆ ಮತ್ತೆ ತುಳಿದು, ಗೇರ್ ಇಳಿಸಿ, ಜಲ್ಲಿಯಲ್ಲಿ ನಿಂತೆ.

ಪಿಟ್‌ನಲ್ಲಿದ್ದ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ಅನುಭವಿಯೊಬ್ಬರು ಫ್ಲೂಯಿಡ್ ತೆಗೆದು ನೋಡಿದರು. ಚಹಾದ ಬಣ್ಣಕ್ಕೆ ತಿರುಗಿತ್ತು. ಬ್ರೇಕ್ ಫ್ಲೂಯಿಡ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಫ್ಲೂಯಿಡ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅನ್ನುವುದು ನಿಯಮ. ಅದೇ ಫ್ಲೂಯಿಡ್‌ಗೆ 3.7 ಶೇಕಡಾದಷ್ಟು ನೀರು ಸೇರಿದಾಗ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ. ದ್ರವವನ್ನು ಒತ್ತಿದರೆ ಒತ್ತಡ ಮುಂದಕ್ಕೆ ಹೋಗುತ್ತದೆ, ಆವಿಯನ್ನು ಒತ್ತಿದರೆ ಅದು ಸುಮ್ನೆ ಕುಗ್ಗುತ್ತದೆ. ಪೆಡಲ್ ನೆಲಕ್ಕೆ ಹೋಗುವುದು ಹೀಗೆ. ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲದಿದ್ದರೆ ಅದು ಬೇರೆ ರೋಗ, ಡಿಸ್ಕನ್ನು ಹಿಡಿಯುವ ಬ್ರೇಕ್ ಪ್ಯಾಡ್ ಅತಿಯಾಗಿ ಬಿಸಿಯಾಗಿದೆ ಅಂತ ಅರ್ಥ. ಎರಡಕ್ಕೂ ಅಲ್ಲೇ ಸೆಷನ್ ನಿಲ್ಲಿಸಬೇಕು.

ಡಿಸ್ಕ್ ಕಥೆಯೂ ಅಷ್ಟೇ. ತೂತುಗಳ ಸುತ್ತ ಬಿರುಕು ಬಿಟ್ಟಿತ್ತು, ಒಂದು ಬಿರುಕು ಅಂಚಿನ ತನಕ ಹೋಗಿತ್ತು. ಮೇಲ್ಮೈಯಲ್ಲಿ ಕೂದಲೆಳೆಯಂಥ ಗೀರು ಇದ್ದರೆ ಕಣ್ಣಿಟ್ಟು ಓಡಿಸಬಹುದು, ಅಂಚು ಮುಟ್ಟಿದರೆ ಡಿಸ್ಕ್ ಎಸೆಯಲೇಬೇಕು. ತೂತಿನ ಡಿಸ್ಕ್ ನೋಡಲು ಚೆಂದ. ಟ್ರ್ಯಾಕ್ ಶಾಖಕ್ಕೆ ಬಿರುಕು ಹುಟ್ಟುವುದೇ ಆ ತೂತುಗಳ ಅಂಚಿನಿಂದ. ಸಾದಾ ಡಿಸ್ಕೇ ವಾಸಿ.

ಹೊಸ ಫ್ಲೂಯಿಡ್, ಹೊಸ ಪ್ಯಾಡ್, ಸಾದಾ ಡಿಸ್ಕ್ ಹಾಕಿಸಿ ಮತ್ತೆ ಹೋದೆ. ಈ ಸಲ ಎಂಜಿನ್ ಸರದಿ. ಹಿಂದಿನಿಂದ ನೀಲಿ ಹೊಗೆ, ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಆಯಿಲ್ ಮುಚ್ಚಳ ತೆಗೆದರೆ ಬುಸುಬುಸು ಅಂತ ಗಾಳಿ ಹೊರಗೆ ಬರುತ್ತಿತ್ತು. ಕಂಪ್ರೆಷನ್ (ಸಿಲಿಂಡರ್ ಒಳಗೆ ಹುಟ್ಟುವ ಒತ್ತಡ) ನೋಡಿದಾಗ ಒಂದು ಸಿಲಿಂಡರ್‌ನಲ್ಲಿ ಒತ್ತಡ ತೀರಾ ಕಡಿಮೆ. ಬಿಚ್ಚಿದಾಗ ಗೊತ್ತಾಯಿತು: ಪಿಸ್ಟನ್‌ನಲ್ಲಿ ಎರಡು ರಿಂಗ್‌ಗಳ ನಡುವಿನ ತೆಳು ಏಣು ಮುರಿದಿತ್ತು. ಟರ್ಬೊ ಒತ್ತಡ ಏರಿಸಿ, ಇಂಧನವನ್ನೂ ಇಗ್ನಿಷನ್ ಟೈಮಿಂಗನ್ನೂ ಅದಕ್ಕೆ ತಕ್ಕ ಹಾಗೆ ಹೊಂದಿಸದಿದ್ದರೆ ಎಂಜಿನ್ ನಾಕ್ ಆಗುತ್ತದೆ, ಅಂದರೆ ಇಂಧನ ತಪ್ಪು ಹೊತ್ತಿಗೆ ತಾನೇ ಸಿಡಿಯುತ್ತದೆ. ಆ ಹೊಡೆತಕ್ಕೆ ಮೊದಲು ಸೋಲುವ ಜಾಗಗಳಲ್ಲಿ ಇದೊಂದು. ಮುರಿದ ಅಂಚು ಸವೆದು ನುಣ್ಣಗಾಗಿತ್ತು. ಮುರಿದದ್ದು ನನ್ನ ಕೈಯಲ್ಲಲ್ಲ, ಬಹಳ ಹಿಂದೆಯೇ ಅಂತ ಮೆಕ್ಯಾನಿಕ್ ತೋರಿಸಿದರು.

ಮಾರಿದವರಿಗೆ ಫೋನ್ ಮಾಡಿದೆ. ‘ಟ್ರ್ಯಾಕ್‌ನಲ್ಲಿ ಓಡಿಸಿದ್ಮೇಲೆ ನಾನೇನು ಮಾಡ್ಲಿ ಸರ್?’ ಅಂದರು. ಟ್ರ್ಯಾಕ್‌ಗೆ ಅಂತಲೇ ಮಾರಿದ ಕಾರು!

ಇಂಥ ಕಾರು ನೋಡಲು ಹೋದಾಗ ಒಂದು ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್‌ಗೆ ಸಿಕ್ಕಿಸಿ ದೋಷ ಓದುವ ಸಾಧನ) ಜೊತೆಗಿರಲಿ. ಎರರ್ ಕೋಡ್ ಇದೆಯೋ ಇಲ್ಲವೋ ಅಂತ ಮಾತ್ರ ನೋಡಿ ಸುಮ್ಮನಾಗಬೇಡಿ. ರೆಡಿನೆಸ್ ಮಾನಿಟರ್ ಅಂತ ಒಂದು ಪುಟ ಇರುತ್ತದೆ, ಕಾರು ತನ್ನನ್ನು ತಾನೇ ಪರೀಕ್ಷಿಸಿ ಮುಗಿಸಿದೆಯಾ ಅಂತ ಅದು ಹೇಳುತ್ತದೆ. ಯಾರಾದರೂ ಕೋಡ್ ಅಳಿಸಿದ್ದರೆ ಅಲ್ಲಿ ಸುಮಾರು ಸಾಲುಗಳು ‘ನಾಟ್ ರೆಡಿ’ ಅಂತ ತೋರಿಸುತ್ತವೆ, ಬೇರೆ ಬೇರೆ ರೀತಿಯಲ್ಲಿ ಸಾಕಷ್ಟು ಓಡಿಸುವ ತನಕ ಅವು ಸರಿಹೋಗುವುದಿಲ್ಲ. ಬ್ಯಾಟರಿ ಬಿಚ್ಚಿದರೂ ಹೀಗಾಗಬಹುದು ಅನ್ನಿ. ಆದರೂ ಹಿಂದಿನ ದಿನ ದೂರ ಓಡಿಸಿದೆ ಅನ್ನುವವರ ಕಾರಿನಲ್ಲಿ ಎಲ್ಲವೂ ‘ನಾಟ್ ರೆಡಿ’ ಇದ್ದರೆ ಕಾರಣ ಕೇಳಲೇಬೇಕು. ಇಗ್ನಿಷನ್ ಆನ್ ಮಾಡಿದಾಗ ಎಂಜಿನ್ ದೀಪ, ಎಬಿಎಸ್ ದೀಪ, ಏರ್‌ಬ್ಯಾಗ್ ದೀಪ ಹತ್ತಬೇಕು, ಎಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದರೆ ದೀಪವನ್ನೇ ಯಾರೋ ಸುಮ್ಮನಾಗಿಸಿರಬಹುದು.

ತಣ್ಣನೆ ಎಂಜಿನ್ ಯಾಕೆ ಮುಖ್ಯ ಅಂದರೆ, ಸವೆದ ಎಂಜಿನ್‌ನ ಟಕಟಕ ಸದ್ದು, ಮೊದಲ ಹೊಗೆ, ಸ್ಟಾರ್ಟ್ ಆಗಲು ತಡ ಮಾಡುವುದು ಇವೆಲ್ಲಾ ಜಾಸ್ತಿ ಕಾಣುವುದು ತಣ್ಣಗಿದ್ದಾಗಲೇ. ಅದಾದ ಮೇಲೆ ಕಂಪ್ರೆಷನ್ ಪರೀಕ್ಷೆ, ಸಾಧ್ಯವಾದರೆ ಲೀಕ್‌ಡೌನ್ ಪರೀಕ್ಷೆ (ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತ ನೋಡುವುದು). ಇವನ್ನು ನಿಮ್ಮ ಮೆಕ್ಯಾನಿಕ್ ಮಾಡಬೇಕು, ಮಾರುವವರ ಗೆಳೆಯ ಅಲ್ಲ. ಒಳ್ಳೆ ಕಾರು ಇಟ್ಟುಕೊಂಡವರು ಇದಕ್ಕೆ ಮುಖ ಗಂಟಿಕ್ಕುವುದಿಲ್ಲ. ‘ಇನ್ನೊಬ್ಬರು ಸಂಜೆ ಅಡ್ವಾನ್ಸ್ ಕೊಡೋಕೆ ಬರ್ತಿದ್ದಾರೆ’ ಅಂತ ಅವಸರ ಮಾಡಿದರೆ, ಆ ಇನ್ನೊಬ್ಬರಿಗೇ ಕೊಡಲಿ ಬಿಡಿ.

ಟೈರ್ ಪಕ್ಕದಲ್ಲಿ DOT ಅಂತ ಶುರುವಾಗುವ ಗುರುತಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಗಾಡಿ ತುಂಬಿಸಿ ಕೊಡುವ ‘ಎಕ್ಸ್‌ಟ್ರಾ ಸ್ಲಿಕ್ ಟೈರ್’ಗಳು (ಗೆರೆಗಳಿಲ್ಲದ ರೇಸ್ ಟೈರ್) ಎಷ್ಟೋ ಸಲ ಒಣಗಿ ಗಟ್ಟಿಯಾದ ಹಳೆ ರಬ್ಬರ್. ಹಾರ್ನೆಸ್ ಬಗ್ಗೆಯೂ ಒಂದು ಮಾತು. ನಾಲ್ಕು ಪಟ್ಟಿಯದ್ದರಲ್ಲಿ ಕಾಲುಗಳ ನಡುವಿನ ಪಟ್ಟಿ ಇರುವುದಿಲ್ಲ. ಡಿಕ್ಕಿಯಾದಾಗ ಭುಜದ ಪಟ್ಟಿಗಳು ಸೊಂಟದ ಪಟ್ಟಿಯನ್ನು ಹೊಟ್ಟೆ ಮೇಲಕ್ಕೆ ಎಳೆದು, ದೇಹ ಕೆಳಗೆ ಜಾರಬಹುದು. ಅದರ ಬದಲು ಕಂಪನಿ ಕೊಟ್ಟ ಸೀಟ್ ಬೆಲ್ಟೇ ಇರಲಿ ಅನ್ನುತ್ತೇನೆ.

ಹಾಗಾದರೆ ಯಾವ ಕಾರು? ನನ್ನ ಉತ್ತರ ಬೋರಿಂಗ್ ಆಗಿದೆ: ಹಗುರವಾದದ್ದು, ಟರ್ಬೊ ಇಲ್ಲದ್ದು, ಯಾರೂ ಕೈ ಹಾಕದ್ದು, ಸರ್ವಿಸ್ ಚೀಟಿಗಳು ಸರಿಯಾಗಿರುವುದು. ಹಗುರ ಯಾಕೆ ಅಂತ ಲೆಕ್ಕ ಹಾಕಿ ನೋಡಿ. 1000 ಕೆ.ಜಿ. ಕಾರು ಗಂಟೆಗೆ 150 ಕಿ.ಮೀ.ನಿಂದ 60ಕ್ಕೆ ಇಳಿಯುವಾಗ ಸುಮಾರು 730 ಕಿಲೋಜೂಲ್ ಶಕ್ತಿ ಹೋಗಬೇಕು. ಎರಡು ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸುವಷ್ಟು ಶಾಖ, ಅದೂ ಕೆಲವೇ ಸೆಕೆಂಡಿನಲ್ಲಿ, ಹೆಚ್ಚು ಕಡಿಮೆ ಎಲ್ಲಾ ಬ್ರೇಕಿಗೇ. 1500 ಕೆ.ಜಿ. ಕಾರಾದರೆ ಅದರ ಒಂದೂವರೆ ಪಟ್ಟು. ಪವರ್ ಜಾಸ್ತಿ ಆದಷ್ಟೂ ತಿರುವಿಗೆ ಬರುವ ವೇಗ ಜಾಸ್ತಿ, ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಪ್ಯಾಡ್, ಡಿಸ್ಕ್, ಟೈರ್ ಖರ್ಚು ಏರುವುದು ಇಲ್ಲಿಂದಲೇ. ಕಾರಿನ ಬೆಲೆ ಒಂದು ಸಲ ಕೊಟ್ಟು ಮರೆಯುತ್ತೀರಿ, ಇದನ್ನು ಪ್ರತಿ ಸಲ ಕೊಡಬೇಕು.

ಹೆಸರು ಬೇಕು ಅನ್ನುವವರಿಗೆ: 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ಈ ಕೆಲಸಕ್ಕೆ ಹೆಸರಾದದ್ದು ಸುಮ್ನೆ ಅಲ್ಲ. ಮೊದಲ ತಲೆಮಾರಿನದ್ದು ಒಂದು ಟನ್ನಿಗಿಂತ ಹಗುರ. ಬಿಡಿಭಾಗ ಸಿಗುತ್ತದೆ, ಅದರ ರೋಗಗಳೆಲ್ಲಾ ಜನರಿಗೆ ಗೊತ್ತು. ಮೇಲ್ಛಾವಣಿ ಮಡಚುವ ಕಾರಾದ್ದರಿಂದ ಮಗುಚಿದರೆ ತಲೆ ಕಾಯುವ ರೋಲ್ ಬಾರ್ ಬೇಕು, ಅಷ್ಟೇ. ಸುಜುಕಿ ಸ್ವಿಫ್ಟ್ ಸ್ಪೋರ್ಟ್‌ನ ಹಳೆ 1.6 ಲೀಟರ್ ಮಾಡೆಲ್, ಹೋಂಡಾ ಸಿವಿಕ್‌ನ ಹಗುರ ಹಳೆ ಮಾಡೆಲ್‌ಗಳು ಕಲಿಯಲು ಧಾರಾಳ ಸಾಕು. 2012ರಲ್ಲಿ ಬಂದ ಟೊಯೋಟಾ 86, ಅದರ ಜೋಡಿ ಸುಬಾರು ಬಿಆರ್‌ಝಡ್ ಸ್ವಲ್ಪ ದುಬಾರಿ, ಆದರೆ ಒಳ್ಳೆಯವು. ಆಯಿಲ್ ಶಾಖದ ಮೇಲೆ ಕಣ್ಣಿಡಬೇಕು. ಬಿಎಂಡಬ್ಲ್ಯು 3 ಸೀರೀಸ್‌ನ ಹಳೆ ತಲೆಮಾರು ಇ36 ತಗೊಂಡರೆ ಪ್ಲಾಸ್ಟಿಕ್ ಕೂಲಿಂಗ್ ಭಾಗಗಳನ್ನು ಮೊದಲೇ ಬದಲಾಯಿಸಿ. ಅದರ ಮುಂದಿನ ತಲೆಮಾರು ಇ46 ಆದರೆ ಹಿಂದಿನ ಸಬ್‌ಫ್ರೇಮ್ (ಹಿಂದಿನ ಸಸ್ಪೆನ್ಷನ್ ಹೊರುವ ಚೌಕಟ್ಟು) ಕೂರುವ ನೆಲದಲ್ಲಿ ಬಿರುಕಿದೆಯಾ ಅಂತ ಕೆಳಗೆ ಹೋಗಿ ನೋಡಿ. ಮಜ್ದಾ ಆರ್‌ಎಕ್ಸ್-8 ಅಗ್ಗಕ್ಕೆ ಸಿಗುತ್ತದೆ, ಓಡಿಸಲೂ ಮಜಾ. ಅದರದ್ದು ಪಿಸ್ಟನ್ ಬದಲು ತ್ರಿಕೋನ ರೋಟರ್ ತಿರುಗುವ ರೋಟರಿ ಎಂಜಿನ್, ಅದಕ್ಕೇ ಅಂತ ಇರುವ ಉಪಕರಣದಲ್ಲಿ ಕಂಪ್ರೆಷನ್ ನೋಡದೆ ಹತ್ತಿರ ಹೋಗಬೇಡಿ.

ತಗೊಂಡ ಮೇಲೆ ಮೊದಲ ಖರ್ಚು ಒಳ್ಳೆ ಬ್ರೇಕ್ ಫ್ಲೂಯಿಡ್, ಶಾಖ ತಾಳುವ ಪ್ಯಾಡ್, ಹೊಸ ಆಯಿಲ್, ಕೂಲಂಟ್. ಸ್ಲಿಕ್ ಟೈರ್ ಅವಸರ ಬೇಡ, ಅದಕ್ಕೆ ಕಾರಣ ಎಂಜಿನ್. ಜಾಸ್ತಿ ಹಿಡಿತದ ಟೈರ್ ಹಾಕಿ ತಿರುವಿನಲ್ಲಿ 1 ಜಿ (ಭೂಮಿಯ ಗುರುತ್ವದಷ್ಟೇ) ಬಲ ಪಕ್ಕಕ್ಕೆ ಬಂದರೆ ಸಂಪ್‌ನಲ್ಲಿರುವ (ಎಂಜಿನ್ ಕೆಳಗಿನ ಆಯಿಲ್ ಬಟ್ಟಲು) ಆಯಿಲ್ 45 ಡಿಗ್ರಿ ವಾಲುತ್ತದೆ. ತಿರುವು ಉದ್ದವಾಗಿದ್ದರೆ ಆಯಿಲ್ ಹೀರುವ ಕೊಳವೆಗೆ ಗಾಳಿ ಸಿಗಬಹುದು, ಬೇರಿಂಗ್ ಅಲ್ಲಿಗೆ ಮುಗಿಯಿತು. ಆಯಿಲ್ ಮಟ್ಟ ಮೇಲಿನ ಗೆರೆಯಲ್ಲೇ ಇರಲಿ. ಸೆಷನ್ ಕೊನೆಗೆ ಒಂದು ಲ್ಯಾಪ್ ನಿಧಾನವಾಗಿ ಬಂದು ತಣ್ಣಗಾಗಲು ಬಿಡಿ. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಬಿಸಿ ಪ್ಯಾಡ್ ಡಿಸ್ಕಿಗೆ ಅಂಟಿಕೊಳ್ಳಬಹುದು. ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಏನಾದರೂ ಇಡಿ. ವೀಲ್ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಮತ್ತೆ ನೋಡಿ.

ಇನ್ನು ಇನ್ಶೂರೆನ್ಸ್. ಸಾಮಾನ್ಯ ಪಾಲಿಸಿಗಳು ಹೆಚ್ಚಾಗಿ ಟ್ರ್ಯಾಕ್‌ನಲ್ಲಿ ಆದದ್ದಕ್ಕೆ ದುಡ್ಡು ಕೊಡುವುದಿಲ್ಲ, ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಕೆಟ್ಟು ನಿಂತರೆ ಕಾರು ಎತ್ತಿಕೊಂಡು ಹೋಗುವ ಸೇವೆಯವರೂ ಟ್ರ್ಯಾಕ್ ಗೇಟಿನ ಒಳಗೆ ಬರಲ್ಲ ಅನ್ನಬಹುದು. ಹೊರಡುವ ಮೊದಲೇ ಫೋನ್ ಮಾಡಿ ಕೇಳಿಕೊಂಡು, ಇಲ್ಲ ಅಂದರೆ ಟೋ ಗಾಡಿಯವರೊಬ್ಬರ ನಂಬರ್ ಇಟ್ಟುಕೊಂಡಿರಿ. ಕೆಟ್ಟ ಕಾರನ್ನು ಎಳೆಯಲು ಸಿಕ್ಕಿಸುವ ಟೋ ಹುಕ್ ಕಾರಿನಲ್ಲೇ ಇದೆಯಾ ನೋಡಿ. ನನ್ನ ‘ಟ್ರ್ಯಾಕ್ ರೆಡಿ’ ಕಾರಿನಲ್ಲಿ ಅದೂ ಇರಲಿಲ್ಲ.